ಅರವತ್ತೆರಡನೇ ಪ್ರತಿ

ಚಳ್ಳಕೆರೆ

ನಾನು ಜರ್ಮನಿಗೆ ಹೋದದ್ದು ಎಣ್ಣೆ ತೆಗೆಯುವ ಹೊಸ ಯಂತ್ರ ನೋಡಲಿಕ್ಕೆ ಎಂದು ಊರಿನವರೆಲ್ಲ ನಂಬಿದ್ದಾರೆ. ನಂಬಲಿ, ಅರ್ಧ ನಿಜವೇ. ಚಳ್ಳಕೆರೆಯ ಮಿಲ್ಲಿನವರು ಏಳು ಜನ ಸೇರಿ ಹೊರಟಿದ್ದೆವು. ಆರು ಜನರ ಪೆಟ್ಟಿಗೆಯಲ್ಲಿ ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ, ದಪ್ಪ ಸ್ವೆಟರು. ನನ್ನ ಪೆಟ್ಟಿಗೆಯಲ್ಲಿ ಇವೆಲ್ಲದರ ನಡುವೆ, ಹೆಂಡತಿ ಗಿರಿಜೆಯ ಹಳೆಯ ಸೀರೆಯಲ್ಲಿ ಸುತ್ತಿದ ಒಂದು ಪುಸ್ತಕವಿತ್ತು. ಯಂತ್ರದ ವಿಷಯವನ್ನು ಬೇಕಾದವರು ಮಿಲ್ಲಿಗೆ ಬಂದು ಕೇಳಬಹುದು. ಇಲ್ಲಿ ಬರೆಯುತ್ತಿರುವುದು ಪುಸ್ತಕದ ವಿಷಯ.

ನನಗೊಂದು ಹುಚ್ಚಿದೆ. ಕಟ್ಟಡಗಳ ಕಪ್ಪು ಬಿಳುಪು ಫೋಟೋಗಳ ಪುಸ್ತಕ ಕೂಡಿಡುವುದು. ಕಟ್ಟಡ ಎಂದರೆ ಅರಮನೆ, ಗೋಪುರ ಅಲ್ಲ. ಈ ಫೋಟೋಗಳಲ್ಲಿ ಕಟ್ಟಡ ಕಾಣುವುದೇ ಇಲ್ಲ. ಗೋಡೆಯ ಒಂದು ಮೂಲೆ, ಮೆಟ್ಟಿಲಿನ ನೆರಳು, ತಗಡಿನ ಏರಿಳಿತ, ಅಷ್ಟೇ. ಕಾಲೇಜಿನಲ್ಲಿದ್ದಾಗ ಬೆಂಗಳೂರಿನ ಫುಟ್‌ಪಾತಿನ ಹಳೆ ಪುಸ್ತಕದ ರಾಶಿಯಲ್ಲಿ ಇಂಥದೊಂದು ಹರಿದ ಪುಸ್ತಕ ಸಿಕ್ಕಿತ್ತು. ತೆರೆದರೆ, ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಮಿಲ್ಲಿನ ಛಾವಣಿಯ ಸಂದಿಯಿಂದ ಬಿಸಿಲು ಇಳಿದು ಚೀಲಗಳ ಮೇಲೆ ಪಟ್ಟೆ ಬೀಳುತ್ತದಲ್ಲ, ಅದೇ! ಯಾರೋ ಪರದೇಶದವನು ನಮ್ಮ ಮಿಲ್ಲಿಗೆ ಕದ್ದು ಬಂದು ತೆಗೆದ ಹಾಗೆ. ಅಂದಿನಿಂದ ಹಿಡಿದ ಹುಚ್ಚು ಬಿಟ್ಟಿಲ್ಲ.

ಇಂಥ ಪುಸ್ತಕಗಳನ್ನು ಎಣಿಸಿ ಅಚ್ಚು ಹಾಕುತ್ತಾರೆ. ನೂರೋ ನೂರೈವತ್ತೋ ಪ್ರತಿ, ಅಲ್ಲಿಗೆ ನಿಲ್ಲಿಸಿಬಿಡುತ್ತಾರೆ. ಪ್ರತಿಯೊಂದರ ಕೊನೆಯ ಪುಟದಲ್ಲಿ ಕೈಯಿಂದ ಅದರ ನಂಬರು ಬರೆದಿರುತ್ತಾರೆ. "ನಂಬರ್ ಹಾಕಿದ್ರೆ ಇಷ್ಟು ಮರ್ಯಾದೆ ಅಂದ್ರೆ ನಮ್ಮ ಶೇಂಗಾ ಚೀಲಕ್ಕೂ ನಂಬರ್ ಐತಲ್ಲ, ಅವನ್ನೂ ಬೀರುನಾಗೆ ಇಡ್ರಿ" ಎನ್ನುತ್ತಾಳೆ ಗಿರಿಜೆ. ಕಬ್ಬಿಣದ ಬೀರುವಿನಲ್ಲಿ ಅವಳ ಸೀರೆಗಳಿಗಿಂತ ಮೇಲಿನ ಖಾನೆಯಲ್ಲಿ, ಬೇವಿನ ಎಲೆಯ ನಡುವೆ, ನನ್ನ ಹನ್ನೊಂದು ಪುಸ್ತಕಗಳಿವೆ. ಅವುಗಳಲ್ಲಿ ನನಗೆ ಹೆಚ್ಚು ಪ್ರೀತಿಯದು ಲೈಪ್‌ಜಿಗ್ ಎಂಬ ಊರಿನ ಒಂದು ಪುಟ್ಟ ಮುದ್ರಣಾಲಯದ್ದು. ಕಾಳು ತುಂಬುವ ಕಾಂಕ್ರೀಟ್ ಉಗ್ರಾಣಗಳ ಗೋಡೆ, ಮೆಟ್ಟಿಲುಗಳ ಪುಸ್ತಕ. ಲೋಕದಲ್ಲಿ ಇರುವುದು ನೂರೈವತ್ತು, ನನ್ನದು ಅರವತ್ತೆರಡು. ಕಾಗದ ಬರೆದು, ತಿಂಗಳುಗಟ್ಟಲೆ ಕಾದು ತರಿಸಿಕೊಂಡದ್ದು. ಅದನ್ನೇ ಸೀರೆಯಲ್ಲಿ ಸುತ್ತಿ ಹುಟ್ಟಿದೂರಿಗೆ ವಾಪಸು ಒಯ್ಯುತ್ತಿದ್ದೆ. ಯಾಕೆಂದು ತಿಳಿಯಲು ಎರಡು ವರ್ಷ ಹಿಂದೆ ಹೋಗಬೇಕು.

ಮೊಳಕಾಲ್ಮೂರು, ಎರಡು ವರ್ಷ ಹಿಂದೆ

ಗಿರಿಜೆಯ ತಂಗಿಯ ಮದುವೆ ಗೊತ್ತಾಗಿತ್ತು. ನಮ್ಮ ಮನೆಗೆ ಅವ್ವನ ಕಾಲದಿಂದಲೂ ಸೀರೆ ಬರುವುದು ಮೊಳಕಾಲ್ಮೂರಿನ ಕೊಂಡಯ್ಯನವರ ಮಗ್ಗದಿಂದ. ಅರವತ್ತರ ಹತ್ತಿರದ ಮನುಷ್ಯ. ಮನೆಯಲ್ಲಿ ತೆಲುಗು, ನಮ್ಮ ಜೊತೆ ಕನ್ನಡ. ನೇಯುವುದಷ್ಟೇ ಅಲ್ಲ, ಅಂಚು ಸೆರಗಿನ ನಕ್ಷೆ ಬರೆಯುವುದರಲ್ಲೂ ಊರಿಗೇ ದೊಡ್ಡ ಕೈ. ನನಗೆ ಜಂಭ. ಪುಸ್ತಕ ಒಯ್ದು, ಒಂದು ಮೆಟ್ಟಿಲಿನ ನೆರಳಿನ ಫೋಟೋ ತೆಗೆದು, ಸೆರಗಿನಲ್ಲಿ ಇದು ಬರಬೇಕು ಎಂದೆ.

"ಬರೀ ಕರಿ ಬಿಳಿ ಐತಲ್ಲ ಸಾವ್ಕಾರ್ರೆ. ಮದುವೀಗೆ ಕರೀದು ಉಡ್ತಾರೇನ್ರಿ?"

"ಬಣ್ಣ ನಿಮ್ಮಿಷ್ಟ. ನೆರಳು ಮಾತ್ರ ಹಿಂಗೇ ಬರ್ಬೇಕು."

ಕೊಂಡಯ್ಯ ಬಹಳ ಹೊತ್ತು ನೋಡಿದರು. "ನೆರಳು ನೇಯೋದು ಅಂದ್ರೆ ಹುಡುಗಾಟ ಅಲ್ಲ. ನಾಕು ದಿನ ಬಿಟ್ಟು ಹೋಗ್ರಿ, ನೋಡಾನ" ಎಂದರು. "ಜೋಪಾನ" ಎಂದು ಮೂರು ಸಲ ಹೇಳಿ ಬಂದೆ.

ಜೋಪಾನವಾಗಿಯೇ ಇಟ್ಟಿದ್ದರು. ಕೈ ತೊಳೆಯದೆ ಮುಟ್ಟಿರಲಿಲ್ಲ. ಸಂಜೆಯಾದರೆ ರೇಷ್ಮೆ ತುಂಡಿನಲ್ಲಿ ಸುತ್ತಿ ದೇವರ ಮುಂದೆ ಇಡುತ್ತಿದ್ದರಂತೆ. ಆದರೆ ನಾಲ್ಕು ದಿನ ಬಿಟ್ಟು ಹೋಗಿ ಪುಟ ತೆರೆದರೆ, ಫೋಟೋದ ಮೇಲೆ ಮೂಲೆಯಿಂದ ಮೂಲೆಗೆ ಗೆರೆ! ಒತ್ತಿ ಎಳೆದ ಸಣ್ಣ ಚೌಕಗಳು, ಸಾವಿರಾರು. ಚೌಕಗಳೊಳಗೆ ಇಂಕಿನ ಗುರುತುಗಳು. ಪಕ್ಕದಲ್ಲಿ ತೆಲುಗು ಅಂಕಿಗಳು. ಅವರ ಕಸುಬಿನಲ್ಲಿ ಚೌಕಕ್ಕೆ ಮನೆ ಎನ್ನುತ್ತಾರೆ. ಯಾವ ಮನೆಯಲ್ಲಿ ಯಾವ ಎಳೆ ಏಳಬೇಕು ಎಂದು ಗುರುತು ಹಾಕಿ, ಅದರಂತೆ ರಟ್ಟಿಗೆ ತೂತು ಹೊಡೆದು ಮಗ್ಗದ ಮೇಲೆ ಏರಿಸುತ್ತಾರೆ. ಬೇರೆ ಹಾಳೆಗೆ ಇಳಿಸಿಕೊಂಡರೆ ಅಳತೆ ತಪ್ಪುತ್ತದೆ ಎಂದು ಫೋಟೋದ ಮೇಲೇ ಮನೆ ಹಾಕಿದ್ದರು. ಮನೆ ಹಾಕದ ಚಿತ್ರ ಅವರ ಪಾಲಿಗೆ ಅರ್ಧ ಕೆಲಸ, ಪೂರ್ತಿ ಮಾಡಿಕೊಟ್ಟಿದ್ದರು.

ಆಗ ಇದೆಲ್ಲ ಯೋಚಿಸುವ ತಾಳ್ಮೆ ನನಗೆಲ್ಲಿಯದು? ನನ್ನ ಮೂಗಿನ ತುದಿಯ ಸಿಟ್ಟು ಚಳ್ಳಕೆರೆಗೆಲ್ಲ ಗೊತ್ತು. ಅವರ ಅಳಿಯಂದಿರಿಬ್ಬರು ಮಗ್ಗದಲ್ಲಿ ಕೂತಿದ್ದಾಗಲೇ, ಕೊಂಡಯ್ಯನವರಿಗೆ, "ಓದು ಬಾರ್ದೋರ ಕೈಗೆ ಪುಸ್ತಕ ಕೊಟ್ಟಿದ್ದು ನನ್ನ ತಪ್ಪು" ಎಂದೆ. ಇನ್ನೂ ಏನೇನೋ ಅಂದೆ. ಮಗ್ಗಗಳ ಸದ್ದು ನಿಂತಿತು. ಅವರು ತಲೆ ಎತ್ತಲಿಲ್ಲ. "ತಪ್ಪಾತು ಸ್ವಾಮಿ" ಎಂದರು, ಅಷ್ಟೇ. ಪುಸ್ತಕ ಕಸಿದುಕೊಂಡು ಬಂದೆ. ಸೀರೆ ಆಗಲಿಲ್ಲ. ಆಮೇಲೆ ಎರಡು ವರ್ಷ ನಾನು ಆ ಊರಿನ ಕಡೆ ಹೋಗಲಿಲ್ಲ. ಬಳ್ಳಾರಿಗೆ ಹೋಗುವಾಗಲೂ ರಾಂಪುರದ ದಾರಿಯಲ್ಲಿ ಬಸ್ಸಿನಲ್ಲಿ ಮೊಳಕಾಲ್ಮೂರಿನ ಕಡೆಯ ಕಿಟಕಿಗೆ ಕೂರುತ್ತಿರಲಿಲ್ಲ.

ಚಳ್ಳಕೆರೆಗೆ ಇಂಟರ್‌ನೆಟ್ ಅಂಗಡಿ ಬಂದ ಮೇಲೆ ಲೈಪ್‌ಜಿಗ್‌ನ ಮುದ್ರಣಾಲಯಕ್ಕೆ ಬರೆದೆ. ಪ್ರತಿ ಹಾಳಾಗಿದೆ, ಬೇರೆ ಸಿಗುತ್ತದೆಯೇ? ಮೂರು ಸಾಲಿನ ಉತ್ತರ ಬಂತು. ಸಿಗುತ್ತದೆ. ಹಾಳಾದ ಪ್ರತಿಯನ್ನು ತರಬೇಕು. ಉಳಿದದ್ದು ಇಲ್ಲಿ ಹೇಳುತ್ತೇವೆ.

ಫ್ರಾಂಕ್‌ಫರ್ಟ್

ವಿಮಾನ ನಿಲ್ದಾಣದಲ್ಲಿ ಮೊದಲು ಸಿಕ್ಕಿಬಿದ್ದವರು ಬಸವರಾಜಣ್ಣ. ನಮ್ಮ ಗುಂಪಿನ ಹಿರಿಯರು. ನನ್ನನ್ನು ಚಡ್ಡಿ ಹಾಕಿದ್ದಾಗಿನಿಂದ ಬಲ್ಲವರು. ತಪಾಸಣೆಯ ಅಧಿಕಾರಿಯೊಬ್ಬ ಅವರ ಚಟ್ನಿಪುಡಿಯ ಡಬ್ಬಿ ತೆರೆದು ಮೂಸಿ, ಏಳೆಂಟು ಸಲ ಸೀನಿದ. ಇದು ಏನು ಎಂದು ಕಣ್ಣೀರು ಒರೆಸಿಕೊಳ್ಳುತ್ತ ಕೇಳಿದ. ಬಸವರಾಜಣ್ಣ "ಫುಡ್ಡು, ಫುಡ್ಡು" ಎಂದು ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡು ಅಗಿದು ತೋರಿಸಿದರು. ಅವನು ಅವರನ್ನು ಗೌರವದಿಂದ ಬಿಟ್ಟುಬಿಟ್ಟ.

ನನ್ನ ಸರದಿ ಬಂದಾಗ ಸೀರೆ ಬಿಚ್ಚಿದ. ಕೈಗವಸು ಸರಿಮಾಡಿಕೊಂಡು ಪುಟ ತಿರುವಿದ. ಮೆಟ್ಟಿಲಿನ ನೆರಳಿನ ಪುಟ ಬಂತು. ಚೌಕಗಳನ್ನು ನೋಡಿ, "ನೀವು ಎಂಜಿನಿಯರೇ?" ಎಂದ. ನಾನು ಹೌದೆಂದು ತಲೆಯಾಡಿಸಿ ಪುಸ್ತಕ ಮುಚ್ಚಿಬಿಟ್ಟೆ.

ಈ ದೇಶದ ಜನ ರಸ್ತೆ ದಾಟುವುದನ್ನು ನೋಡಬೇಕು. ನಡೆಯುವವರಿಗೂ ಕೆಂಪು ದೀಪ. ಎರಡೂ ಕಡೆ ಒಂದು ಸೈಕಲ್ಲೂ ಇಲ್ಲ, ಆದರೂ ನಿಂತೇ ಇರುತ್ತಾರೆ. ನಮ್ಮ ನೆಹರೂ ಸರ್ಕಲ್ಲಿನಲ್ಲಿ ಹಾಗೆ ನಿಂತರೆ ಯಾರಾದರೂ ಬಂದು ಮೈ ಹುಷಾರಿಲ್ಲವಾ ಎಂದು ಕೇಳುತ್ತಾರೆ. ಬಸವರಾಜಣ್ಣ ಪಂಚೆ ಇಲ್ಲದಿದ್ದರೂ ಅಭ್ಯಾಸಬಲದಿಂದ ಪ್ಯಾಂಟು ಎತ್ತಿ ಹಿಡಿದು ದಾಟಿಯೇಬಿಟ್ಟರು. ಆ ಬದಿಯಲ್ಲಿದ್ದ ಒಬ್ಬ ಮುದುಕಿ ಬೆರಳು ಆಡಿಸಿ ಬೈದಳು. ಪಕ್ಕದಲ್ಲಿದ್ದ ಪುಟ್ಟ ಹುಡುಗಿಯನ್ನು ತೋರಿಸಿ ತೋರಿಸಿ ಬೈದಳು. ಮಕ್ಕಳು ನೋಡುತ್ತಿರುವಾಗ ಹೀಗೆ ಮಾಡಬಹುದೇ ಎಂದು ಅದರ ಅರ್ಥ ಎಂದು ನಮ್ಮ ಗೈಡು ಹೇಳಿದ. ಬಸವರಾಜಣ್ಣ ಆ ಮಗುವಿಗೆ ಕೈ ಮುಗಿದರು.

ಲೈಪ್‌ಜಿಗ್ ರೈಲು

ಯಂತ್ರದ ಕೆಲಸ ಮೂರು ದಿನದಲ್ಲಿ ಮುಗಿಯಿತು. ಉಳಿದವರು ಊರು ನೋಡಲು ಹೊರಟರು. ನಾನು ಲೈಪ್‌ಜಿಗ್ ರೈಲು ಹತ್ತಿದೆ. ಒಬ್ಬನೇ ಹೋಗಬೇಡವೆಂದು ಬಸವರಾಜಣ್ಣ ಬೆನ್ನು ಹತ್ತಿದರು. ಬೋಗಿಯಲ್ಲಿ ಮೌನ. ಎಲ್ಲರೂ ಪರೀಕ್ಷೆಗೆ ಕೂತವರ ಹಾಗೆ. ನಾಯಿಯೊಂದು ಒಡತಿಯ ಕಾಲ ಬಳಿ ಕೂತಿತ್ತು, ಅದೂ ಬೊಗಳಲಿಲ್ಲ. ಬಸವರಾಜಣ್ಣ ಬಾಯಿ ಬಿಟ್ಟಾಗಲೆಲ್ಲ ಬೋಗಿಯೆಲ್ಲ ತಿರುಗಿ ನೋಡುತ್ತಿತ್ತು.

ನಾನು ಕೈ ತೊಳೆಯಲು ಎದ್ದು ಹೋಗಿ ಬರುವಷ್ಟರಲ್ಲಿ ಅವರು ಸೀರೆಯ ಗಂಟನ್ನೇ ತೊಡೆಯ ಮೇಲೆ ಮಣೆ ಮಾಡಿಕೊಂಡು, ಮೇಲೆ ರೊಟ್ಟಿ ಹರಡಿ, ಚಟ್ನಿಪುಡಿಗೆ ಎಣ್ಣೆ ಸುರಿಯುತ್ತಿದ್ದರು. ನಾನು ಕೂಗಿದ ಕೂಗಿಗೆ ನಾಯಿ ಎದ್ದು ನಿಂತಿತು. ಎಣ್ಣೆ ಮಿಲ್ಲಿನವನು ಎಣ್ಣೆಗೆ ಅಷ್ಟು ಹೆದರಿದ್ದು ಅದೇ ಮೊದಲು. ಪುಣ್ಯಕ್ಕೆ ಸೀರೆಯ ಮಡಿಕೆ ದಪ್ಪಗಿತ್ತು, ಪುಸ್ತಕಕ್ಕೆ ತಾಗಿರಲಿಲ್ಲ.

"ಏನ್ಲೇ ರುದ್ರೇಶ, ಇದ್ರಾಗೆ ಏನಿಟ್ಟೀಯ, ಬಂಗಾರನಾ?"

ಹೇಳಲೇಬೇಕಾಯಿತು. ಪುಸ್ತಕ ತೆರೆದು ತೋರಿಸಿದೆ. ನಾಲ್ಕು ಪುಟ ತಿರುವಿ, "ಫೋಟೋ ತೊಳಿಯುವಾಗ ಕೆಟ್ಟೋಗೈತಲ್ಲೋ" ಎಂದರು. ಮನೆ ಹಾಕಿದ ಪುಟ ಬಂದಾಗ ಮಾತ್ರ ಕನ್ನಡಕ ಹಾಕಿಕೊಂಡರು. "ಇದೊಂದು ಪರವಾಗಿಲ್ಲ ನೋಡು, ಏನೋ ಕೆಲಸ ಮಾಡ್ಯಾರೆ." ಅದೇ ಹಾಳಾದ ಪುಟ ಎಂದೆ. ಅವರಿಗೆ ಅರ್ಥವಾಗಲಿಲ್ಲ. ವಿವರಿಸುವ ಉಮೇದು ನನಗೂ ಇರಲಿಲ್ಲ.

ಲೈಪ್‌ಜಿಗ್

ಹಳೆಯ ಕಾರ್ಖಾನೆಯೊಂದರ ಮೂರನೇ ಮಹಡಿಯಲ್ಲಿ ಮುದ್ರಣಾಲಯ. ಇಂಕು, ಗೋಂದು, ಹೊಸ ಕಾಗದದ ವಾಸನೆ. ನಡುವೆ ನೀಲಿ ಏಪ್ರನ್ ಕಟ್ಟಿದ ಎಪ್ಪತ್ತರ ಹೆಂಗಸು, ಫ್ರೌ ಬೆಕರ್. ಫ್ರೌ ಎಂದರೆ ನಮ್ಮಲ್ಲಿ ಹೆಸರಿಗೆ ಅಮ್ಮ ಸೇರಿಸುತ್ತೇವಲ್ಲ, ಹಾಗೆ. ಫೋಟೋ ತೆಗೆದವರು ತೀರಿಹೋಗಿದ್ದರು. ಅಚ್ಚು ಹಾಕಿದವರು, ಹೊಲಿದು ರಟ್ಟು ಕಟ್ಟಿದವರು ಇವರೇ. ನನ್ನ ಹಾಗೆಯೇ ಪದ ಹುಡುಕಿ ಹುಡುಕಿ ಇಂಗ್ಲಿಷ್ ಆಡುತ್ತಿದ್ದರು, ಅದರಿಂದ ನಮಗಿಬ್ಬರಿಗೂ ಸಲೀಸಾಯಿತು.

ನನ್ನನ್ನು ಕೂರಿಸಿ ನಿಯಮ ಹೇಳಿದರು. ನಂಬರಿಲ್ಲದ ಹತ್ತು ಪ್ರತಿಗಳನ್ನು ಅನಾಹುತಕ್ಕೆಂದೇ ಇಟ್ಟಿದ್ದಾರೆ. ಅದರಲ್ಲೊಂದಕ್ಕೆ ಅರವತ್ತೆರಡು ಎಂದು ಬರೆದು ಕೊಡುತ್ತಾರೆ. ಆದರೆ ಲೋಕದಲ್ಲಿ ಎರಡು ಅರವತ್ತೆರಡು ಇರುವಂತಿಲ್ಲ. ಅದಕ್ಕೆ ಹಳೆಯದನ್ನು ಒಡೆಯನ ಕಣ್ಣೆದುರೇ ಕತ್ತರಿಸುತ್ತಾರೆ. ಕಿಟಕಿಯ ಪಕ್ಕದಲ್ಲಿ ಕಾಗದ ಕತ್ತರಿಸುವ ದೊಡ್ಡ ಯಂತ್ರವಿತ್ತು. ಅವರು ಅದರ ಅಲಗನ್ನು ಮೇಲೆತ್ತಿ ಸಿದ್ಧ ಮಾಡಿದರು. ಆಮೇಲೆ ಹೊಸ ಪ್ರತಿ ತಂದು ನನ್ನ ಮುಂದಿಟ್ಟರು.

ತೆರೆದು ನೋಡಿದೆ. ಮೆಟ್ಟಿಲಿನ ನೆರಳು ಯಾವ ಗೆರೆಯೂ ಇಲ್ಲದೆ ಕಪ್ಪಗೆ, ತಣ್ಣಗೆ ಮಲಗಿತ್ತು. ಸುಳ್ಳು ಯಾಕೆ ಹೇಳಲಿ, ನನ್ನ ಬಾಯಲ್ಲಿ ನೀರೂರಿತು. ಇದಕ್ಕಾಗಿ ಎರಡು ವರ್ಷ ಒದ್ದಾಡಿದ್ದೆ. ಕತ್ತರಿಸಿ ಎಂದೆ.

ಅವರು ಒಂದು ದಪ್ಪ ಪುಸ್ತಕ ತೆರೆದರು. ಹಾಳಾದ ಪ್ರತಿಗಳ ದಾಖಲೆ. ನಂಬರು, ಏನಾಯಿತು, ಯಾರಿಂದ ಆಯಿತು, ಒಡೆಯನ ರುಜು. ಹಿಂದಿನವನ್ನು ಓದಿ ಹೇಳಿದರು. ಒಂಬತ್ತು, ಕೊಳಾಯಿ ಒಡೆದು ನೀರು. ನಲವತ್ತು, ನಾಯಿ. ನೂರ ಹದಿಮೂರು, ಮೊಮ್ಮಗು, ಬಣ್ಣದ ಕಡ್ಡಿ.

"ನಿಮ್ಮದು? ಇದೂ ಮಗುವೇ?"

"ಅಲ್ಲ. ಅರವತ್ತು ವರ್ಷದವರು."

"ನಿಮ್ಮ ಮೇಲೆ ಸಿಟ್ಟಿತ್ತೇ?"

"ಇಲ್ಲ."

"ಮತ್ತೆ ಯಾಕೆ?"

ಸೀರೆ, ಸೆರಗು, ಮಗ್ಗ ಎಂದೆಲ್ಲ ಕೈಯಲ್ಲಿ ಆಡಿಸಿ ಹೇಳಿದೆ. ಅವರು ಭೂತಗನ್ನಡಿ ತಂದು ಆ ಪುಟದ ಮೇಲೆ ಬಗ್ಗಿದರು. ಬಹಳ ಹೊತ್ತಿನ ಮೇಲೆ ಕೇಳಿದರು, "ಚೌಕಗಳಲ್ಲಿ ಮೂರು ಬಗೆಯ ಗುರುತಿದೆಯಲ್ಲ, ಯಾಕೆ?"

ಮೂರು ಬಗೆಯೇ? ನನಗೆ ಗೊತ್ತಿರಲಿಲ್ಲ. ಅಂದು ಸಿಟ್ಟಿನಲ್ಲಿ ಮುಚ್ಚಿದ ಮೇಲೆ ಆ ಪುಟವನ್ನು ನಾನು ಸರಿಯಾಗಿ ನೋಡಿರಲೇ ಇಲ್ಲ. ಗಾಜು ಇಸಿದುಕೊಂಡು ನೋಡಿದೆ. ಕಡುಕಪ್ಪಿದ್ದಲ್ಲಿ ಇಡೀ ಮನೆ ತುಂಬಿತ್ತು. ನೆರಳು ತೆಳುವಾದಲ್ಲಿ ಕತ್ತರಿ ಗುರುತು. ಬೆಳಕಿಗೆ ತಿರುಗುವ ಅಂಚಿನಲ್ಲಿ ಒಂದೊಂದೇ ಚುಕ್ಕೆ. ನೆರಳು ಹೇಗೆ ಸ್ವಲ್ಪ ಸ್ವಲ್ಪವೇ ಬೆಳಕಾಗುತ್ತದೆ ಎಂದು ಮನೆ ಮನೆಯಾಗಿ ಲೆಕ್ಕ ಹಿಡಿದಿದ್ದರು. ಬರೀ ಕಪ್ಪು ಎಂದು ನಾನು ಇಷ್ಟು ವರ್ಷ ನೋಡಿದ ಕಡೆ ಅವರಿಗೆ ಮೂರು ಕಪ್ಪು ಕಂಡಿತ್ತು. ಹನ್ನೊಂದು ಪುಸ್ತಕ ಬೀರುವಿನಲ್ಲಿಟ್ಟವನು ನಾನು. ಓದು ಬಾರದವರು ಅವರು! ನನಗೆ ಬಹಳ ನಾಚಿಕೆಯಾಯಿತು.

ಫ್ರೌ ಬೆಕರ್ ಗೋಡೆಯ ಗಡಿಯಾರ ನೋಡಿದರು. ಪೆನ್ನು ಕೈಗೆತ್ತಿಕೊಂಡು, "ಯಾರಿಂದ ಹಾನಿ? ಹೆಸರು ಬೇಕು" ಎಂದರು.

"ಕೊಂಡಯ್ಯ" ಎಂದೆ. ಕಾಗುಣಿತ ಕೇಳಿದರು. ಮೊದಲ ಎರಡು ಅಕ್ಷರ ಹೇಳಿದೆ, ಬರೆದರು. ಮೂರನೆಯದಕ್ಕೆ ನಿಲ್ಲಿಸಿಬಿಟ್ಟೆ. ಆ ಮನುಷ್ಯನಿಗೆ ಅವರ ಮನೆಯಲ್ಲೇ, ಅಳಿಯಂದಿರ ಮುಂದೆ ಅವಮಾನ ಮಾಡಿದ್ದೆ. ಅವರು ಕಾಣದ ದೇಶಕ್ಕೆ ಬಂದು, ನಾಯಿಯ ಕೆಳಗೆ, ಒಡೆದ ಕೊಳಾಯಿಯ ಕೆಳಗೆ ಅವರ ಹೆಸರನ್ನೂ ಬರೆಸುತ್ತಿದ್ದೆ. ಅದಕ್ಕೆ ರುಜು ನನ್ನದು.

"ಬರೀಬೇಡಿ" ಎಂದೆ.

"ಹೆಸರಿಲ್ಲದೆ ಕೊಡಲು ಬರುವುದಿಲ್ಲ."

ಮೂಲೆಯಲ್ಲಿ ಕಾಗದದ ರಿಮ್ಮಿನ ಮೇಲೆ ಕೂತಿದ್ದ ಬಸವರಾಜಣ್ಣನಿಗೆ ಏನೋ ಕೆಡುತ್ತಿದೆ ಎಂದು ಗೊತ್ತಾಯಿತು. "ಯಾಕ್ಲೇ, ಏನಂತೆ?"

"ಕೊಂಡಯ್ಯರ ಹೆಸ್ರು ಬರೀಬೇಕಂತೆ. ಕೆಡಿಸಿದ್ದು ಅವ್ರೇ ಅಂತ."

"ಬರಕೊಳ್ಳಲಿ ಬಿಡಲೇ. ಇಲ್ಲಿಗೆ ಬಂದು ನೋಡೋರು ಯಾರು? ಇಷ್ಟು ದೂರ ಬಂದು ಬರಿಗೈಲಿ ಹೋಗ್ತೀಯಾ?"

"ನಾನು ಬಂದು ನೋಡಿದೆನಲ್ಲಣ್ಣ."

ನನ್ನ ಹೆಸರು ಬರೆಯಿರಿ ಎಂದು ಫ್ರೌ ಬೆಕರ್‌ಗೆ ಹೇಳಿದೆ. ನೀವು ಗೆರೆ ಎಳೆದಿಲ್ಲವಲ್ಲ, ಸುಳ್ಳು ಬರೆಯಲಾಗದು ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ, ಕರುಣೆಯೂ ಇರಲಿಲ್ಲ. ಹೊಸ ಪ್ರತಿಯ ಮೇಲೆ ನನ್ನ ಕೈ ಇನ್ನೂ ಇತ್ತು. ತೆಗೆಯಲು ಬಹಳ ಕಷ್ಟವಾಯಿತು, ಆದರೆ ತೆಗೆದೆ. ಹಾಗಾದರೆ ನನ್ನ ಪುಸ್ತಕಕ್ಕೆ ಹಾನಿಯೇನೂ ಆಗಿಲ್ಲ, ವಾಪಸು ಕೊಡಿ ಎಂದೆ.

ಅವರು ಎರಡಕ್ಷರ ಬರೆದ ಸಾಲಿಗೆ ಅಡ್ಡಗೆರೆ ಎಳೆದು, ಯಂತ್ರದ ಅಲಗನ್ನು ಮೆಲ್ಲಗೆ ಇಳಿಸಿ ಬೀಗ ಹಾಕಿದರು. ಹೊಸ ಪ್ರತಿಯನ್ನು ಕಪಾಟಿನಲ್ಲಿಟ್ಟು ಬಂದು ನಮಗಿಬ್ಬರಿಗೂ ಕಾಫಿ ಕೊಟ್ಟರು. ಕಹಿಯೆಂದರೆ ಕಹಿ. ಬಸವರಾಜಣ್ಣ ಐದು ಚಮಚ ಸಕ್ಕರೆ ಹಾಕಿಕೊಂಡರು. ವಾಪಸು ಬರುವ ರೈಲಿನಲ್ಲಿ ಅವರು ರೊಟ್ಟಿಯನ್ನು ಕೈಯಲ್ಲೇ ಹಿಡಿದು ತಿಂದರು.

ಮೊಳಕಾಲ್ಮೂರು

ಊರಿಗೆ ಬಂದ ಮೂರನೇ ದಿನ ಹೊರಟೆ. ಬಸ್ಸಿಳಿದು ಕೊಂಡಯ್ಯನವರ ಬೀದಿ ಹಿಡಿದೆ. ಅವರು ಜಗಲಿಯ ಮೇಲೆ ಕೂತು ಎಳೆ ಬಿಡಿಸುತ್ತಿದ್ದರು. ನನ್ನನ್ನು ಕಂಡು ಗಡಬಡಿಸಿ ಎದ್ದರು.

"ಬರ್ರಿ ಸಾವ್ಕಾರ್ರೆ, ಬರ್ರಿ." ಒಳಗೆ ತಿರುಗಿ ಹೆಂಡತಿಗೆ ತೆಲುಗಿನಲ್ಲಿ, "ಮಜ್ಜಿಗ ತೇವೇ" ಎಂದರು. ಎರಡು ವರ್ಷ ಹಿಂದಿನ ಮಾತೇ ಎತ್ತಲಿಲ್ಲ. ಬೈದಿದ್ದರಾದರೂ ಸುಲಭವಾಗುತ್ತಿತ್ತು.

ಮಗ್ಗಗಳು ಆಡುತ್ತಿದ್ದವು. ಅಳಿಯಂದಿರಿಬ್ಬರೂ ಅಲ್ಲೇ ಇದ್ದರು. ಅವರಿಗೂ ಕೇಳಲಿ ಎಂದು ದನಿ ಎತ್ತಿಯೇ ಹೇಳಿದೆ. "ಕೊಂಡಯ್ಯನವರೆ, ಅವತ್ತು ನಾನು ಬಾಯಿಗೆ ಬಂದಂಗೆ ಅಂದೆ. ತಪ್ಪು ನಂದು. ನೀವು ಮಾಡಿದ ಕೆಲಸ ನೋಡೋ ಕಣ್ಣು ನನಗಿರಲಿಲ್ಲ."

"ಅಯ್ಯೋ, ಹಂಗನ್ಬ್ಯಾಡ್ರಿ. ಕೇಳ್ದೆ ಗೆರೆ ಹಾಕಿದ್ದು ನಾನು."

ಸೀರೆ ಬಿಚ್ಚಿ ಪುಸ್ತಕ ಮುಂದೆ ಹಿಡಿದೆ. ಅವರು ತೆಗೆದುಕೊಳ್ಳಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ನೀವೇ ಹಿಡ್ಕಳ್ರಿ ಸ್ವಾಮಿ. ನಾನು ಮುಟ್ಟಲ್ಲ."

ನನಗೆ ಅಳು ಬರುವಂತಾಯಿತು. ನಾನು ಅಂದು ಆಡಿದ ಮಾತು ಆ ಕೈಗಳಲ್ಲಿ ಇನ್ನೂ ಇತ್ತು. ಬಲವಂತ ಮಾಡಲಿಲ್ಲ. ಜಗಲಿಯ ಮೇಲೆ ಕೂತು, ಪುಸ್ತಕವನ್ನು ತೊಡೆಯ ಮೇಲಿಟ್ಟು, ಮೆಟ್ಟಿಲಿನ ನೆರಳಿನ ಪುಟ ತೆರೆದೆ. ಅವರು ಪಕ್ಕದಲ್ಲಿ ನಿಂತು, ಕೈ ಹಿಂದೆಯೇ ಇಟ್ಟುಕೊಂಡು, ಬಗ್ಗಿ ನೋಡಿದರು.

"ಈ ಮೂರು ಥರ ಗುರ್ತು ಯಾಕೆ ಹಾಕಿದ್ರಿ, ಹೇಳ್ರಿ" ಎಂದೆ.

"ಅದಾ? ಕರೀದು ಒಂದೇ ಸಮ ಐತೇನ್ರಿ ಅಲ್ಲಿ? ಮ್ಯಾಲೆ ಗಟ್ಟಿ, ಇಳೀತಾ ಇಳೀತಾ ನೀರಾಗ್ತೈತೆ. ಮೂರು ಬಣ್ಣದ ಎಳೆ ಬೇಕಾಗ್ತೈತೆ." ಹಾಗೆ ಹೇಳುತ್ತ ಹೇಳುತ್ತ ಅವರ ಹುಬ್ಬು ಗಂಟಿಕ್ಕಿತು. ಇನ್ನಷ್ಟು ಬಗ್ಗಿದರು. "ಇರ್ರಿ, ಇರ್ರಿ. ಇಲ್ಲೇನೋ ತಪ್ಪೈತಲ್ಲ."

"ಎಲ್ಲಿ?"

"ಇಲ್ಲಿ. ಈ ಸಾಲ್ನಾಗೆ ಮನೆ ಕಮ್ಮಿ ಬಿದ್ದೈತೆ. ಹಿಂಗೇ ಏರ್ಸಿದ್ರೆ ಸೆರಗ್ನಾಗೆ ಮೆಟ್ಲು ಮುರ್ದಂಗೆ ಕಾಣ್ತಿತ್ತು. ಒಕಟಿ, ರೆಂಡು, ಮೂಡು..."

ತೆಲುಗಿನಲ್ಲಿ ಎಣಿಸುತ್ತ ನನ್ನ ಪಕ್ಕ ಕೂತೇಬಿಟ್ಟರು. ರೇಷ್ಮೆ ಎಳೆಯ ಬಣ್ಣ ಹತ್ತಿದ ತೋರುಬೆರಳು ಒಂದು ಮನೆಯಿಂದ ಮುಂದಿನ ಮನೆಗೆ ಸರಿಯುತ್ತಿತ್ತು. ಪುಟದ ಮೇಲೆ ತಮ್ಮ ಬೆರಳಿದೆ ಎಂಬುದೇ ಅವರಿಗೆ ಮರೆತುಹೋಗಿತ್ತು. ನಾನು ಅಲುಗಾಡದೆ ಪುಸ್ತಕ ಹಿಡಿದು ಕೂತೆ.